ಕೂಡಿಸಿದರೆ ಕೆಡುವ ಆಕಾರ: ಸಮರೂಪ ಆಕೃತಿಗಳ ಬೋಧನೆ ಕುರಿತು ಓದುಗರ ಪ್ರಶ್ನೆಗಳು

ಪ್ರೌಢಶಾಲೆಯ ರೇಖಾಗಣಿತದಲ್ಲಿ ಬರುವ ಸಮರೂಪ ಆಕೃತಿಗಳ (ಗಾತ್ರ ಬೇರೆಯಾದರೂ ಆಕಾರ ಒಂದೇ ಆಗಿರುವ ಆಕೃತಿಗಳ) ಪಾಠವನ್ನು ಕುರಿತು ಶಿಕ್ಷಕರೂ ಪೋಷಕರೂ ಕೇಳಿರುವ ಕೆಲವು ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಲಾಗಿದೆ.

ಪ್ರಶ್ನೆ: 3, 4, 5 ಸೆಂ.ಮೀ. ಬಾಹುಗಳುಳ್ಳ ತ್ರಿಭುಜಕ್ಕೆ ಸಮರೂಪವಾದ ದೊಡ್ಡ ತ್ರಿಭುಜವೊಂದನ್ನು ರಚಿಸಿರಿ ಎಂದರೆ ನನ್ನ ವಿದ್ಯಾರ್ಥಿಗಳಲ್ಲಿ ಅನೇಕರು ಪ್ರತಿ ಬಾಹುವಿಗೂ 2 ಕೂಡಿಸಿ 5, 6, 7 ಎಂದು ಬರೆಯುತ್ತಾರೆ. ಅನುರೂಪ ಬಾಹುಗಳ (ಎರಡು ಆಕೃತಿಗಳಲ್ಲಿ ಒಂದಕ್ಕೊಂದು ಜೊತೆಯಾಗುವ ಬಾಹುಗಳ) ಅನುಪಾತ ಸಮನಾಗಿರಬೇಕೆಂದು ಬಾಯಿಪಾಠವಾಗಿ ಹೇಳುವವರೇ ಲೆಕ್ಕಕ್ಕೆ ಕುಳಿತಾಗ ಮತ್ತೆ ಕೂಡಿಸುತ್ತಾರೆ. ಪಾಠವನ್ನು ಎಲ್ಲಿಂದ ಆರಂಭಿಸಬೇಕು?
— ಪ್ರೌಢಶಾಲಾ ಗಣಿತ ಶಿಕ್ಷಕಿ, ಹಾಸನ ಜಿಲ್ಲೆ

ಉತ್ತರ: ಇದು ಗಮನವಿಲ್ಲದೆ ಆಗುವ ತಪ್ಪಲ್ಲ. ಒಂದನೆಯ ತರಗತಿಯಿಂದಲೂ ‘ಎಷ್ಟು ಹೆಚ್ಚು’ ಎಂದು ಕೇಳಿದಾಗಲೆಲ್ಲ ಮಗು ಕಳೆದು ಉತ್ತರ ಕೊಟ್ಟಿದೆ; ‘ಎಷ್ಟು ಪಟ್ಟು’ ಎಂದು ಕೇಳಿಸಿಕೊಂಡದ್ದು ಅದಕ್ಕಿಂತ ಬಹಳ ಕಡಿಮೆ. ಆಕೃತಿ ದೊಡ್ಡದಾಗಬೇಕು ಎಂದೊಡನೆ, ಹೆಚ್ಚಳವನ್ನು ಎಲ್ಲ ಬಾಹುಗಳಿಗೂ ಸಮನಾಗಿ ಹಂಚುವುದೇ ನ್ಯಾಯವೆಂದು ಅದಕ್ಕೆ ತೋರುತ್ತದೆ. ವ್ಯಾಖ್ಯೆಯನ್ನು ಇನ್ನೊಮ್ಮೆ ಹೇಳಿಸುವುದರಿಂದ ಈ ನಂಬಿಕೆ ಅಲುಗುವುದಿಲ್ಲ. ಕೂಡಿಸಿದರೆ ಆಕಾರವೇ ಕೆಡುತ್ತದೆ ಎಂಬುದನ್ನು ಮಗು ಕಣ್ಣಾರೆ ಕಾಣಬೇಕು. ಆದ್ದರಿಂದ ವ್ಯಾಖ್ಯೆಯನ್ನು ಕೆಲವು ಅವಧಿಗಳಷ್ಟು ಹಿಂದಕ್ಕೆ ಸರಿಸಿ, ವಿದ್ಯಾರ್ಥಿಗಳೇ ಬರೆದ 5, 6, 7ನ್ನು ಪಾಠದ ಮೊದಲ ವಸ್ತುವಾಗಿ ತೆಗೆದುಕೊಳ್ಳುವುದು ಒಳ್ಳೆಯದೆಂದು ನಮ್ಮ ಅಭಿಪ್ರಾಯ.

ಎರಡೂ ತ್ರಿಭುಜಗಳನ್ನು ಕೈವಾರದಿಂದ ರಚಿಸಲು ಹೇಳಿರಿ. 3, 4, 5ರ ತ್ರಿಭುಜದ ದೊಡ್ಡ ಕೋನದಲ್ಲಿ ಮೂಲೆಮಟ್ಟ ಸರಿಯಾಗಿ ಕೂರುತ್ತದೆ. 5, 6, 7ರಲ್ಲಿ ಅದೇ ಕೋನ ಸುಮಾರು 78½ ಡಿಗ್ರಿಗೆ ಇಳಿದಿರುವುದನ್ನು ಕೋನಮಾಪಕ ತೋರಿಸುತ್ತದೆ. ಇಲ್ಲಿಗೆ ನಿಲ್ಲಿಸದೆ, ಪ್ರತಿ ಬಾಹುವಿಗೂ 100 ಕೂಡಿಸಿದರೆ ಏನಾಗುವುದೆಂದು ಕೇಳಿರಿ. ಸೆಂ.ಮೀ. ಬದಲು ಮಿ.ಮೀ.ನಲ್ಲಿ ಅಳೆದರೆ 103, 104, 105 ಬಾಹುಗಳ ತ್ರಿಭುಜವನ್ನು ನೋಟ್‌ಬುಕ್ಕಿನ ಪುಟದಲ್ಲಿಯೇ ರಚಿಸಬಹುದು. ಅದರ ಕೋನಗಳು ಹೆಚ್ಚು ಕಡಿಮೆ 59, 60 ಮತ್ತು 61 ಡಿಗ್ರಿ. ಅಂದರೆ ಕೂಡಿಸುತ್ತಾ ಹೋದಂತೆ, ಆರಂಭದ ತ್ರಿಭುಜ ಯಾವುದೇ ಇರಲಿ, ಅದು ತನ್ನ ಆಕಾರವನ್ನು ಕಳೆದುಕೊಂಡು ಸಮಬಾಹು ತ್ರಿಭುಜದ ಕಡೆಗೆ ಸರಿಯುತ್ತದೆ. ಈ ಒಂದು ಚಿತ್ರವನ್ನು ಸ್ವತಃ ಬರೆದ ವಿದ್ಯಾರ್ಥಿಗೆ, ಕೂಡಿಸಬಾರದೆಂದು ಪ್ರತ್ಯೇಕವಾಗಿ ಹೇಳಬೇಕಾದ ಸಂದರ್ಭ ಕಡಿಮೆಯಾಗುತ್ತದೆ.

ಅನಂತರ ಆಯತಗಳಿಗೆ ಬನ್ನಿರಿ. ರಟ್ಟಿನಲ್ಲಿ 4×6, 6×9, 8×12 ಸೆಂ.ಮೀ. ಅಳತೆಯ ಆಯತಗಳನ್ನೂ, ಅವುಗಳ ಜೊತೆಗೆ 6×8, 8×10ರ ಆಯತಗಳನ್ನೂ ಕತ್ತರಿಸಿ, ಉದ್ದನೆಯ ಬಾಹುಗಳೆಲ್ಲ ಒಂದೇ ದಿಕ್ಕಿನಲ್ಲಿರುವಂತೆ ಒಂದರ ಮೇಲೊಂದು ಒಂದು ಮೂಲೆಗೆ ಹೊಂದಿಸಿಡಿರಿ. ಆ ಮೂಲೆಯಿಂದ ಅತಿ ದೊಡ್ಡ ಆಯತದ ಎದುರು ಮೂಲೆಗೆ ದಾರವೊಂದನ್ನು ಎಳೆದು ಹಿಡಿದರೆ, ಮೊದಲ ಮೂರು ಆಯತಗಳ ಮೂಲೆಗಳು ದಾರದ ಕೆಳಗೇ ಬರುತ್ತವೆ, ಉಳಿದ ಎರಡರ ಮೂಲೆಗಳು ಪಕ್ಕಕ್ಕೆ ಸರಿದು ನಿಲ್ಲುತ್ತವೆ. 4×6 ಅಂಗುಲದ ಫೋಟೋವಿಗೆ ಸುತ್ತಲೂ ಒಂದೊಂದು ಅಂಗುಲ ಅಂಚು ಬಿಟ್ಟು ಕಟ್ಟು ಹಾಕಿಸಿದರೆ ಹೊರಗಿನ ಅಳತೆ 6×8 ಆಗುತ್ತದೆ. ಫೋಟೋದ ಉದ್ದ ಅಗಲದ ಒಂದೂವರೆ ಪಟ್ಟು, ಕಟ್ಟಿನ ಉದ್ದ ಅಗಲದ 1.33 ಪಟ್ಟು ಮಾತ್ರ. ಸುತ್ತಲೂ ಸಮನಾದ ಅಂಚಿದ್ದರೆ ಒಳಗಿನ ಮತ್ತು ಹೊರಗಿನ ಆಯತಗಳು ಸಮರೂಪವೇ ಆಗಿರಬೇಕೆಂಬ ಊಹೆ ಎಷ್ಟು ಬಲವಾದುದೆಂದರೆ, ದೊಡ್ಡವರೂ ಲೆಕ್ಕ ಮಾಡಿ ನೋಡುವವರೆಗೆ ಅದನ್ನು ಬಿಡುವುದಿಲ್ಲ.

ಸಂಖ್ಯೆಗಳ ಆಯ್ಕೆಯಲ್ಲಿಯೂ ಎಚ್ಚರ ಬೇಕು. ಎಲ್ಲ ಉದಾಹರಣೆಗಳಲ್ಲಿಯೂ ಗುಣಕ (ಪ್ರತಿ ಬಾಹುವನ್ನೂ ಗುಣಿಸುವ ಸಂಖ್ಯೆ) 2 ಆಗಿದ್ದರೆ ವಿದ್ಯಾರ್ಥಿಯು ಅನುಪಾತವನ್ನು ಗ್ರಹಿಸಿದ್ದಾನೆಯೇ ಅಥವಾ ಕೇವಲ ದುಪ್ಪಟ್ಟು ಮಾಡುತ್ತಿದ್ದಾನೆಯೇ ಎಂಬುದು ತಿಳಿಯುವುದಿಲ್ಲ, 2 ಸೆಂ.ಮೀ. ಬಾಹುವಾದರಂತೂ 2 ಕೂಡಿಸಿದರೂ 2ರಿಂದ ಗುಣಿಸಿದರೂ 4 ಬರುವುದರಿಂದ ತಪ್ಪು ಯೋಚನೆಗೂ ಸರಿ ಉತ್ತರ ದೊರೆಯುತ್ತದೆ. ಒಂದೂವರೆ, ಮುಕ್ಕಾಲು, ಎರಡೂಕಾಲು ಇಂತಹ ಗುಣಕಗಳನ್ನು ಮೊದಲ ದಿನದಿಂದಲೇ ಕೊಡಿರಿ. ಎರಡು ಆಕೃತಿಗಳ ಅನುರೂಪ ಬಾಹುಗಳನ್ನು ಹೋಲಿಸುವ ಅನುಪಾತದಂತೆಯೇ, ಒಂದೇ ಆಕೃತಿಯೊಳಗಿನ ಎರಡು ಬಾಹುಗಳ ಅನುಪಾತವನ್ನೂ ಕೇಳುತ್ತಿರಬೇಕು. ಪಠ್ಯದಲ್ಲಿ ಮೊದಲನೆಯದಕ್ಕೆ ಹೆಚ್ಚು ಒತ್ತಿದ್ದರೂ, ಆಕಾರವೆಂದರೆ ಏನೆಂಬುದು ಮಕ್ಕಳಿಗೆ ಎರಡನೆಯದರಿಂದಲೇ ಬೇಗ ತಿಳಿಯುತ್ತದೆ. ಮುಂದೆ ತ್ರಿಕೋನಮಿತಿಯಲ್ಲಿ ಬರುವ ಸೈನ್, ಕೊಸೈನ್‌ಗಳೂ ಒಂದೇ ತ್ರಿಭುಜದೊಳಗಿನ ಅನುಪಾತಗಳೇ ಅಲ್ಲವೇ?

ಪ್ರಶ್ನೆ: ಎ4 ಹಾಳೆಯನ್ನು ಎ3 ಗಾತ್ರಕ್ಕೆ ದೊಡ್ಡದು ಮಾಡುವಾಗ ಜೆರಾಕ್ಸ್ ಯಂತ್ರವು 141 ಶೇಕಡಾ ಎಂದು ತೋರಿಸುತ್ತದೆ. ಎ3 ಎಂದರೆ ಎರಡು ಎ4 ಅಲ್ಲವೇ, 200 ಏಕೆ ಅಲ್ಲ ಎಂದು ಒಂಬತ್ತನೆಯ ತರಗತಿಯ ಮಗಳು ಕೇಳುತ್ತಾಳೆ.
— ಪೋಷಕರು, ದಾವಣಗೆರೆ

ಉತ್ತರ: ಯಂತ್ರವು ಹೇಳುತ್ತಿರುವುದು ಉದ್ದದ ಗುಣಕವನ್ನು, ನಿಮ್ಮ ಮಗಳು ಕೇಳುತ್ತಿರುವುದು ವಿಸ್ತೀರ್ಣದ ಗುಣಕವನ್ನು. ಎ4 ಹಾಳೆ 210×297 ಮಿ.ಮೀ., ಎ3 ಹಾಳೆ 297×420 ಮಿ.ಮೀ.; ಪ್ರತಿ ಬಾಹುವೂ ಸುಮಾರು 1.414 ಪಟ್ಟು ಹಿಗ್ಗಿದೆ, ಅಂದರೆ 2ರ ವರ್ಗಮೂಲದಷ್ಟು; ಆದ್ದರಿಂದ ವಿಸ್ತೀರ್ಣ ಎರಡು ಪಟ್ಟಾಗಿದೆ. ಹಿಂದಿರುಗಿ ಎ3ಯಿಂದ ಎ4ಗೆ ಬರುವಾಗ ಅದೇ ಯಂತ್ರ 71 ಶೇಕಡಾ ಎಂದು ತೋರಿಸುವುದು 1ನ್ನು 1.414ರಿಂದ ಭಾಗಿಸಿದ ಫಲ.

ಈ ಅನುಪಾತ ಎಲ್ಲಿಂದ ಬಂತೆಂಬುದನ್ನೂ ಆಕೆಯಿಂದಲೇ ಕಂಡುಹಿಡಿಸಬಹುದು. ಅಗಲ 1, ಉದ್ದ x ಇರುವ ಹಾಳೆಯನ್ನು ಉದ್ದದ ಮಧ್ಯಕ್ಕೆ ಮಡಿಸಿದಾಗ ದೊರೆಯುವ ಅರ್ಧ ಹಾಳೆಯ ಉದ್ದ 1, ಅಗಲ x/2. ಅರ್ಧ ಹಾಳೆಯು ಮೂಲ ಹಾಳೆಗೆ ಸಮರೂಪವಾಗಿರಬೇಕಾದರೆ x ಎಂಬುದು 1ಕ್ಕೆ ಹೇಗೋ 1 ಎಂಬುದು x/2ಕ್ಕೆ ಹಾಗೆಯೇ ಇರಬೇಕು, ಅಂದರೆ xನ ವರ್ಗ 2 ಆಗಬೇಕು. ಬೇರೆ ಯಾವ ಅನುಪಾತದ ಹಾಳೆಗೂ ಈ ಗುಣವಿಲ್ಲ. ನಮ್ಮ ಕಚೇರಿಗಳಲ್ಲಿ ಬಳಕೆಯಲ್ಲಿರುವ 8½×14 ಅಂಗುಲದ ಲೀಗಲ್ ಹಾಳೆಯನ್ನು ಮಡಿಸಿ ನೋಡಿರಿ: ಇಡೀ ಹಾಳೆಯ ಉದ್ದ ಅಗಲದ 1.65 ಪಟ್ಟು, ಅರ್ಧದ್ದು 1.21 ಪಟ್ಟು.

ಪ್ರಶ್ನೆ: ಸರ್ವಸಮ ತ್ರಿಭುಜಗಳು ಸಮರೂಪವೂ ಹೌದೇ?
— ಹತ್ತನೆಯ ತರಗತಿಯ ವಿದ್ಯಾರ್ಥಿ, ಕೊಪ್ಪಳ

ಉತ್ತರ: ಹೌದು, ಗುಣಕ 1 ಆಗಿರುವ, ಅಂದರೆ ಆಕಾರವೂ ಗಾತ್ರವೂ ಒಂದೇ ಆಗಿರುವ ಸಮರೂಪ ತ್ರಿಭುಜಗಳೇ ಸರ್ವಸಮ ತ್ರಿಭುಜಗಳು. ಆದರೆ ಸಮರೂಪ ತ್ರಿಭುಜಗಳೆಲ್ಲ ಸರ್ವಸಮವಲ್ಲ.

ಪ್ರಶ್ನೆ: ಬಿ.ಇಡಿ. ಬೋಧನಾಭ್ಯಾಸಕ್ಕಾಗಿ ಪಠ್ಯಪುಸ್ತಕದಲ್ಲಿಲ್ಲದ, ಆದರೆ ಎಲ್ಲ ಮಕ್ಕಳಿಗೂ ಪರಿಚಿತವಾದ ಉದಾಹರಣೆಯೊಂದನ್ನು ಸೂಚಿಸುವಿರಾ?
— ಪ್ರಶಿಕ್ಷಣಾರ್ಥಿ, ಧಾರವಾಡ

ಉತ್ತರ: ನಿಮ್ಮ ಪಕ್ಕದ ಊರಿನಲ್ಲಿಯೇ ಒಂದಿದೆ. ಹುಬ್ಬಳ್ಳಿಯ ಬೆಂಗೇರಿಯಲ್ಲಿರುವ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದಲ್ಲಿ ಭಾರತೀಯ ಮಾನಕ ಬ್ಯೂರೋ ವಿಧಿಸಿರುವ ಅಳತೆಗಳಿಗೆ ಅನುಗುಣವಾಗಿ ಖಾದಿಯ ರಾಷ್ಟ್ರಧ್ವಜಗಳು ಸಿದ್ಧವಾಗುತ್ತವೆ. ಧ್ವಜ ಸಂಹಿತೆಯ ಪ್ರಕಾರ ಧ್ವಜದ ಉದ್ದಕ್ಕೂ ಅಗಲಕ್ಕೂ ಇರಬೇಕಾದ ಅನುಪಾತ 3:2. ಗೊತ್ತುಪಡಿಸಿದ ಒಂಬತ್ತು ಗಾತ್ರಗಳಲ್ಲಿ ಅತಿ ದೊಡ್ಡದು 6300×4200 ಮಿ.ಮೀ., ಅತಿ ಚಿಕ್ಕದು 150×100 ಮಿ.ಮೀ.; ನಡುವೆ 3600×2400, 2700×1800, 1800×1200, 1350×900, 900×600, 450×300 ಮತ್ತು 225×150. ಈ ಒಂಬತ್ತೂ ಆಯತಗಳು ಪರಸ್ಪರ ಸಮರೂಪವೆಂದು ವಿದ್ಯಾರ್ಥಿಗಳು ಸುಲಭವಾಗಿ ತೋರಿಸಬಲ್ಲರು. ಮೂರು ಪಟ್ಟಿಗಳೂ ಸಮ ಅಗಲದವಾದ್ದರಿಂದ ಪಟ್ಟಿಗಳ ವಿಷಯದಲ್ಲಿಯೂ ತೊಡಕಿಲ್ಲ.

ಪಾಠದ ನಿಜವಾದ ಸ್ವಾರಸ್ಯವಿರುವುದು ಅಶೋಕ ಚಕ್ರದಲ್ಲಿ. ಮೇಲಿನ ಗಾತ್ರಗಳಿಗೆ ನಿಗದಿಯಾಗಿರುವ ಚಕ್ರದ ವ್ಯಾಸಗಳು, ದೊಡ್ಡದರಿಂದ ಚಿಕ್ಕದಕ್ಕೆ, ಕ್ರಮವಾಗಿ 1295, 740, 555, 370, 280, 185, 90, 40 ಮತ್ತು 25 ಮಿ.ಮೀ. ಪ್ರತಿ ವ್ಯಾಸವನ್ನೂ ಧ್ವಜದ ಉದ್ದದಿಂದ ಭಾಗಿಸಲು ಹೇಳಿರಿ. ಮೊದಲ ನಾಲ್ಕರಲ್ಲಿ 0.206 ಬರುತ್ತದೆ, 1350ರಲ್ಲಿ 0.207, 900ರಲ್ಲಿ ಮತ್ತೆ 0.206, ಆದರೆ 450ರಲ್ಲಿ 0.200, 225ರಲ್ಲಿ 0.178, 150ರಲ್ಲಿ 0.167. ಅತಿ ಚಿಕ್ಕ ಧ್ವಜವು ಅತಿ ದೊಡ್ಡದಕ್ಕೆ ಪೂರ್ಣವಾಗಿ ಸಮರೂಪವಾಗಿರಬೇಕಿದ್ದರೆ ಅದರ ಚಕ್ರದ ವ್ಯಾಸ ಸುಮಾರು 31 ಮಿ.ಮೀ. ಇರಬೇಕಿತ್ತು. ಆಯತಗಳು ಸಮರೂಪ, ಚಕ್ರಗಳೂ ವೃತ್ತಗಳಾದ್ದರಿಂದ ತಮ್ಮತಮ್ಮಲ್ಲಿ ಸಮರೂಪ, ಆದರೂ ಆಯತ ಮತ್ತು ಚಕ್ರ ಸೇರಿದ ಇಡೀ ಆಕೃತಿ ಸಮರೂಪವಲ್ಲ ಎಂಬ ಈ ಸ್ಥಿತಿಯನ್ನು ಚರ್ಚಿಸಿದ ತರಗತಿಗೆ, ಸಮರೂಪತೆಯಲ್ಲಿ ಒಂದೇ ಗುಣಕವು ಆಕೃತಿಯ ಪ್ರತಿಯೊಂದು ಉದ್ದಕ್ಕೂ ಅನ್ವಯಿಸಬೇಕೆಂಬ ಮಾತು ಬರಿಯ ಮಾತಾಗಿ ಉಳಿಯುವುದಿಲ್ಲ. ಈ ಅಭ್ಯಾಸಕ್ಕೆ ಧ್ವಜವನ್ನು ತರುವ ಅಗತ್ಯವಿಲ್ಲ, ಅಳತೆಗಳ ಪಟ್ಟಿಯನ್ನು ಕಪ್ಪುಹಲಗೆಯ ಮೇಲೆ ಬರೆದರೆ ಸಾಕು.

ಪ್ರಶ್ನೆ: ತ್ರಿಭುಜಗಳಿಗೆ ಕೋನಗಳು ಸಮನಾಗಿದ್ದರೆ ಸಾಕು, ಚತುರ್ಭುಜಗಳಿಗೆ ಕೋನಗಳೂ ಸಮನಾಗಿರಬೇಕು, ಬಾಹುಗಳ ಅನುಪಾತವೂ ಸಮನಾಗಿರಬೇಕು ಎಂಬ ವ್ಯತ್ಯಾಸ ಏಕೆಂದು ಮಕ್ಕಳು ಕೇಳಿದಾಗ ‘ನಿಯಮ ಹಾಗಿದೆ’ ಎಂದು ಹೇಳಲು ಮನಸ್ಸು ಒಪ್ಪುವುದಿಲ್ಲ.
— ಸಹಶಿಕ್ಷಕರು, ಶಿರಸಿ

ಉತ್ತರ: ಎರಡು ಪ್ರತ್ಯುದಾಹರಣೆಗಳನ್ನು ಮೊದಲು ಮುಂದಿಡಿರಿ. ಚೌಕಕ್ಕೂ ಉದ್ದನೆಯ ಆಯತಕ್ಕೂ ಕೋನಗಳೆಲ್ಲ ಸಮ, ಆಕಾರ ಬೇರೆ. ಚೌಕಕ್ಕೂ ವಜ್ರಾಕೃತಿಗೂ ಬಾಹುಗಳ ಅನುಪಾತ ಸಮ, ಆಕಾರ ಮತ್ತೆ ಬೇರೆ. ಎರಡು ಷರತ್ತುಗಳಲ್ಲಿ ಯಾವ ಒಂದೂ ಇನ್ನೊಂದನ್ನು ತಂದುಕೊಡುವುದಿಲ್ಲ ಎಂಬುದಕ್ಕೆ ಇಷ್ಟು ಸಾಕ್ಷ್ಯ ಸಾಕು.

ತ್ರಿಭುಜದಲ್ಲಿ ಹೀಗಾಗದಿರುವುದರ ಕಾರಣವನ್ನು ರಟ್ಟಿನ ಪಟ್ಟಿಗಳಿಂದ ತೋರಿಸಬಹುದು. ತುದಿಗಳನ್ನು ಸಡಿಲವಾಗಿ ಪಿನ್ನಿನಿಂದ ಜೋಡಿಸಿದ ನಾಲ್ಕು ಪಟ್ಟಿಗಳ ಆಕೃತಿ ಒತ್ತಿದ ಕಡೆಗೆ ವಾಲುತ್ತದೆ, ಮೂರು ಪಟ್ಟಿಗಳದ್ದು ವಾಲುವುದಿಲ್ಲ: ಬಾಹುಗಳು ನಿಶ್ಚಿತವಾದರೆ ತ್ರಿಭುಜದ ಕೋನಗಳೂ ನಿಶ್ಚಿತ. ಇನ್ನು ಕೋನಗಳ ಕಡೆಯಿಂದ ನೋಡಿದರೆ, ಒಂದು ಬಾಹುವನ್ನು ಎಳೆದು ಅದರ ಎರಡು ತುದಿಗಳಲ್ಲಿ ಎರಡು ಕೋನಗಳನ್ನು ರಚಿಸಿದ ಕೂಡಲೇ ಉಳಿದೆರಡು ಬಾಹುಗಳು ಸಂಧಿಸುವ ಬಿಂದು ತಾನಾಗಿಯೇ ಗೊತ್ತಾಗುತ್ತದೆ. ವಿದ್ಯಾರ್ಥಿಗೆ ಉಳಿಯುವ ಸ್ವಾತಂತ್ರ್ಯ ಮೊದಲ ಬಾಹುವಿನ ಉದ್ದವೊಂದೇ, ಅದು ಗುಣಕವನ್ನಲ್ಲದೆ ಬೇರೇನನ್ನೂ ಬದಲಿಸಲಾರದು. ಆಯತದಲ್ಲಿಯಾದರೋ ನಾಲ್ಕು ಲಂಬಕೋನಗಳನ್ನು ಹಾಗೆಯೇ ಉಳಿಸಿಕೊಂಡು ಒಂದು ಬದಿಯನ್ನು ಬೇಕಾದಷ್ಟು ಎಳೆಯಬಹುದು.

ಇದರ ಜೊತೆಗೆ ಇನ್ನೊಂದು ಸೂಚನೆ. ಅನೇಕ ವಿದ್ಯಾರ್ಥಿಗಳು ಎಡವುವುದು ಪ್ರಮೇಯದಲ್ಲಲ್ಲ, ಅನುರೂಪ ಬಾಹುಗಳನ್ನು ಗುರುತಿಸುವುದರಲ್ಲಿ. ತ್ರಿಭುಜ ಎಬಿಸಿಯು ತ್ರಿಭುಜ ಡಿಇಎಫ್‌ಗೆ ಸಮರೂಪ ಎಂದು ಬರೆದಾಗ ಅಕ್ಷರಗಳ ಕ್ರಮವೇ ಎ ಕೋನಕ್ಕೆ ಡಿ, ಬಿ ಕೋನಕ್ಕೆ ಇ, ಸಿ ಕೋನಕ್ಕೆ ಎಫ್ ಜೊತೆಯೆಂದು ಹೇಳುತ್ತದೆ; ಈ ಕ್ರಮವನ್ನು ಚಿತ್ರ ನೋಡದೆಯೇ ಬಳಸುವ ಅಭ್ಯಾಸ ಮಾಡಿಸಬೇಕು. ಎರಡು ತ್ರಿಭುಜಗಳನ್ನೂ ಸದಾ ಒಂದೇ ಭಂಗಿಯಲ್ಲಿ, ಪಾದ ಕೆಳಗಿರುವಂತೆ ಬರೆಯುವ ನಮ್ಮ ರೂಢಿಯೂ ತೊಂದರೆಗೆ ಕಾರಣ: ಒಂದನ್ನು ತಿರುಗಿಸಿ, ಇನ್ನೊಂದನ್ನು ಕನ್ನಡಿಯಲ್ಲಿ ಕಂಡಂತೆ ಮಗುಚಿ ಬರೆಯಿರಿ. ಒಂದು ತ್ರಿಭುಜದೊಳಗೆ ಇನ್ನೊಂದು ಅಡಗಿದ್ದು ಒಂದು ಕೋನ ಎರಡಕ್ಕೂ ಸಾಮಾನ್ಯವಾಗಿರುವ ಚಿತ್ರಗಳಲ್ಲಿ, ಎರಡನ್ನೂ ಪಕ್ಕದಲ್ಲಿ ಬಿಡಿಬಿಡಿಯಾಗಿ ಮತ್ತೆ ಬರೆಸುವುದು ಕಡ್ಡಾಯವೆಂದೇ ಭಾವಿಸಬಹುದು.

ಪ್ರಶ್ನೆ: ನೆರಳಿನ ಸಹಾಯದಿಂದ ಶಾಲೆಯ ಧ್ವಜಸ್ತಂಭದ ಎತ್ತರವನ್ನು ಅಳೆಯುವ ಚಟುವಟಿಕೆಯಲ್ಲಿ ಆರು ಗುಂಪುಗಳಿಗೆ ಆರು ಉತ್ತರಗಳು ಬಂದವು. ಪ್ರಮೇಯದ ಮೇಲೆಯೇ ಮಕ್ಕಳಿಗೆ ಅನುಮಾನ ಹುಟ್ಟಿತು.
— ಗಣಿತ ಶಿಕ್ಷಕರು, ಕೋಲಾರ ಜಿಲ್ಲೆ

ಉತ್ತರ: ಅನುಮಾನ ಹುಟ್ಟಿದ್ದು ಒಳ್ಳೆಯದೇ, ಆ ಆರು ಉತ್ತರಗಳನ್ನು ಅಳಿಸದೆ ಅವುಗಳನ್ನೇ ವಿಚಾರಣೆಗೆ ಒಡ್ಡಿರಿ. 1 ಮೀಟರ್ ಕೋಲಿನ ನೆರಳು 80 ಸೆಂ.ಮೀ., ಸ್ತಂಭದ ನೆರಳು 5.6 ಮೀಟರ್ ಆಗಿದ್ದರೆ ಸ್ತಂಭದ ಎತ್ತರ 7 ಮೀಟರ್. ಸ್ತಂಭದ ನೆರಳನ್ನು ಅಳೆಯುವಾಗ 5 ಸೆಂ.ಮೀ. ಹೆಚ್ಚಾದರೆ ಉತ್ತರದಲ್ಲಿ ಬರುವ ತಪ್ಪು 6 ಸೆಂ.ಮೀ.ನಷ್ಟು, ಅದೇ 5 ಸೆಂ.ಮೀ. ಕೋಲಿನ ನೆರಳಿನಲ್ಲಿ ಹೆಚ್ಚಾದರೆ ಎತ್ತರ 6.59 ಮೀಟರ್‌ಗೆ ಇಳಿದು 41 ಸೆಂ.ಮೀ. ತಪ್ಪಾಗುತ್ತದೆ. ಚಿಕ್ಕ ಆಕೃತಿಯಲ್ಲಿ ಮಾಡಿದ ತಪ್ಪನ್ನೂ ಗುಣಕವು ಹಿಗ್ಗಿಸುತ್ತದೆ. ಆದ್ದರಿಂದ ಕೋಲು ಉದ್ದವಾಗಿದ್ದಷ್ಟೂ ಒಳ್ಳೆಯದು, ಅದರ ನೆರಳನ್ನು ಮಿ.ಮೀ.ವರೆಗೆ ಓದಬೇಕು.

ಉಳಿದ ಕಾರಣಗಳೂ ಇವೆ. ಕೋಲು ನೆಟ್ಟಗಿರುವುದನ್ನು ತೂಗುಗುಂಡಿನಿಂದ ಪರೀಕ್ಷಿಸಬೇಕು, ಎರಡು ನೆರಳುಗಳೂ ಸಮತಟ್ಟಾದ ನೆಲದ ಮೇಲೆ ಬೀಳಬೇಕು, ಎರಡನ್ನೂ ಒಂದೇ ಕ್ಷಣಕ್ಕೆ ಗುರುತು ಮಾಡಬೇಕು. ಭೂಮಿ ಗಂಟೆಗೆ 15 ಡಿಗ್ರಿ ತಿರುಗುವುದರಿಂದ ಟೇಪು ಹುಡುಕುವಷ್ಟರಲ್ಲಿ ನೆರಳು ಸರಿದಿರುತ್ತದೆ. ಸೂರ್ಯಬಿಂಬದ ಅಗಲವೇ ಸುಮಾರು ಅರ್ಧ ಡಿಗ್ರಿ ಇರುವ ಕಾರಣ 7 ಮೀಟರ್ ಎತ್ತರದ ತುದಿಯ ನೆರಳು ಸುಮಾರು ಹತ್ತು ಸೆಂ.ಮೀ.ಗಳಷ್ಟು ಮಸುಕಾಗಿ ಹರಡಿರುತ್ತದೆ. ಒಂದು ಗುಂಪು ಮಸುಕಿನ ಒಳ ಅಂಚನ್ನು, ಇನ್ನೊಂದು ಹೊರ ಅಂಚನ್ನು ಹಿಡಿದರೆ ಉತ್ತರಗಳು ಬೇರೆಯಾಗಲೇಬೇಕು. ಎಲ್ಲರೂ ಮಸುಕಿನ ಮಧ್ಯವನ್ನು ಗುರುತಿಸಲಿ. ಏಪ್ರಿಲ್‌ನಿಂದ ಆಗಸ್ಟ್‌ವರೆಗೆ ನಡುಹಗಲನ್ನು ತಪ್ಪಿಸಿರಿ: ಬೆಂಗಳೂರಿನಲ್ಲಿ ಏಪ್ರಿಲ್ 24 ಮತ್ತು ಆಗಸ್ಟ್ 18ರ ಆಸುಪಾಸಿನಲ್ಲಿ ಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೆಯೇ ಇರುವುದರಿಂದ ಅಳೆಯಲು ನೆರಳೇ ಸಿಗುವುದಿಲ್ಲ, ಕೋಲಾರದಲ್ಲಿಯೂ ಸ್ಥಿತಿ ಬಹುತೇಕ ಹಾಗೆಯೇ.

ನೆರಳಿನ ಬುಡ ಎಲ್ಲಿದೆ ಎಂಬುದನ್ನೂ ಕೇಳಬೇಕು. ಮಿಲೆಟಸ್‌ನ ಥೇಲ್ಸ್ ಈಜಿಪ್ಟಿನ ಪಿರಮಿಡ್ಡಿನ ಎತ್ತರವನ್ನು ನೆರಳಿನಿಂದ ಅಳೆದನೆಂದು ಪ್ರಾಚೀನ ಗ್ರೀಕ್ ಲೇಖಕರು ಬರೆದಿದ್ದಾರೆ. ಸ್ತಂಭದಂತೆ ಪಿರಮಿಡ್ಡಿನ ನೆರಳನ್ನು ಬುಡದಿಂದ ಅಳೆಯಲಾಗದು, ಏಕೆಂದರೆ ತುದಿಯ ನೇರ ಕೆಳಗಿನ ಬಿಂದು ಕಲ್ಲಿನೊಳಗೆ ಇದೆ. ಮೂಲದಲ್ಲಿ ಸುಮಾರು 146 ಮೀಟರ್ ಎತ್ತರವಿದ್ದ ಗೀಜಾದ ಮಹಾ ಪಿರಮಿಡ್ಡಿನ ಪಾದದ ಬಾಹು ಸುಮಾರು 230 ಮೀಟರ್. ಸೂರ್ಯನು ಒಂದು ಮುಖಕ್ಕೆ ನೇರವಾಗಿ 45 ಡಿಗ್ರಿ ಎತ್ತರದಲ್ಲಿದ್ದರೆ ಹೊರಗೆ ಕಾಣುವ ನೆರಳು 31 ಮೀಟರ್ ಮಾತ್ರ. ಉಳಿದ 115 ಮೀಟರನ್ನು ಪಾದದ ಅರ್ಧದಿಂದ ಕೂಡಿಸಬೇಕು. ಕೊಂಬೆ ಚಾಚಿದ ಮರದ ಎತ್ತರವನ್ನು ಅಳೆಯುವಾಗಲೂ ಇದೇ ಸಮಸ್ಯೆ.

ನೆರಳಿನ ಲೆಕ್ಕ ಗ್ರೀಕರದ್ದು ಮಾತ್ರವೆಂದು ಮಕ್ಕಳು ತಿಳಿಯಬೇಕಾಗಿಲ್ಲ. 499ರಲ್ಲಿ ಆರ್ಯಭಟನು ದೀಪದ ಬೆಳಕಿನಲ್ಲಿ ಶಂಕುವಿನ (ನೆಟ್ಟಗೆ ನಿಲ್ಲಿಸಿದ ಕೋಲಿನ) ನೆರಳನ್ನು ಕಂಡುಹಿಡಿಯುವ ಸೂತ್ರವನ್ನು ಕೊಟ್ಟಿದ್ದಾನೆ. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯನ ‘ಗಣಿತಸಾರಸಂಗ್ರಹ’ದ ಕೊನೆಯ ಅಧ್ಯಾಯವೇ ಛಾಯಾ ವ್ಯವಹಾರ, ಅಂದರೆ ನೆರಳಿನ ಲೆಕ್ಕ. ದೀಪದ ಲೆಕ್ಕದಲ್ಲಿ ಕಿರಣಗಳು ಸಮಾಂತರವಲ್ಲ, ಒಂದೇ ಬಿಂದುವಿನಿಂದ ಹರಡುತ್ತವೆ: 4.8 ಮೀಟರ್ ಎತ್ತರದ ದೀಪಸ್ತಂಭದಿಂದ 3 ಮೀಟರ್ ದೂರದಲ್ಲಿ ನಿಂತ 1.6 ಮೀಟರ್ ಎತ್ತರದ ವ್ಯಕ್ತಿಯ ನೆರಳು ಒಂದೂವರೆ ಮೀಟರ್, ಆತ ಸ್ತಂಭದಿಂದ 6 ಮೀಟರ್ ದೂರಕ್ಕೆ ಸರಿದರೆ ನೆರಳು 3 ಮೀಟರ್. ಬಿಸಿಲಿನಲ್ಲಿ ಎಷ್ಟು ದೂರ ನಡೆದರೂ ನೆರಳು ಬೆಳೆಯದು, ಬೀದಿದೀಪದಡಿ ಏಕೆ ಬೆಳೆಯುತ್ತದೆ ಎಂದು ಕೇಳಿ ಎರಡು ಚಿತ್ರಗಳನ್ನು ಬರೆಸಿರಿ.

ಪ್ರಶ್ನೆ: ಶ್ರವಣಬೆಳಗೊಳದ ಗೊಮ್ಮಟನನ್ನೂ ಕಾರ್ಕಳದ ಗೊಮ್ಮಟನನ್ನೂ ಸಮರೂಪವೆನ್ನಬಹುದೇ?
— ನಿವೃತ್ತ ಶಿಕ್ಷಕರು, ಕಾರ್ಕಳ

ಉತ್ತರ: ನೋಟಕ್ಕೆ ಹೋಲುತ್ತವೆ ಎನ್ನಬಹುದು, ಗಣಿತದ ಅರ್ಥದಲ್ಲಿ ಸಮರೂಪವೆನ್ನಲಾಗದು. ಶ್ರವಣಬೆಳಗೊಳದ ಮೂರ್ತಿ ಸುಮಾರು 57 ಅಡಿ, 1432ರಲ್ಲಿ ಪ್ರತಿಷ್ಠಾಪಿತವಾದ ಕಾರ್ಕಳದ ಮೂರ್ತಿ ಸುಮಾರು 42 ಅಡಿ. ಗುಣಕ 42/57, ಅಂದರೆ 14/19. ಸಮರೂಪವಾಗಿರಬೇಕಾದರೆ ಭುಜದ ಅಗಲ, ಕಿವಿಯ ಉದ್ದ, ಬೆರಳಿನ ದಪ್ಪ ಎಲ್ಲವೂ ಇದೇ ಅನುಪಾತದಲ್ಲಿರಬೇಕು. ಬೇರೆ ಬೇರೆ ಶತಮಾನಗಳ ಶಿಲ್ಪಿಗಳು ಬೇರೆ ಬೇರೆ ಬಂಡೆಗಳಲ್ಲಿ ಕಡೆದ ಮೂರ್ತಿಗಳಿಂದ ಅದನ್ನು ನಿರೀಕ್ಷಿಸುವುದು ಶಿಲ್ಪಕಲೆಗೆ ಮಾಡುವ ಅನ್ಯಾಯವೂ ಆದೀತು.

ಆದರೂ ‘ಸಮರೂಪವಾಗಿದ್ದಿದ್ದರೆ’ ಎಂಬ ಊಹೆಯಿಂದ ಒಳ್ಳೆಯ ಲೆಕ್ಕವೊಂದು ಹುಟ್ಟುತ್ತದೆ. ಎತ್ತರದಲ್ಲಿ ಕಾರ್ಕಳದ್ದು ಬೆಳಗೊಳದ್ದರ 74 ಶೇಕಡಾ. ಮಸ್ತಕಾಭಿಷೇಕದಲ್ಲಿ ತೊಯ್ಯುವ ಮೈಯ ವಿಸ್ತೀರ್ಣ ಗುಣಕದ ವರ್ಗದಂತೆ 54 ಶೇಕಡಾ. ಕಲ್ಲಿನ ಘನಫಲ ಗುಣಕದ ಘನದಂತೆ 40 ಶೇಕಡಾ. ಹಿಮ್ಮುಖವಾಗಿ, ಕಾರ್ಕಳದ ಮೂರ್ತಿಯನ್ನು ಅದೇ ರೂಪದಲ್ಲಿ 57 ಅಡಿಗೆ ಹಿಗ್ಗಿಸಿದರೆ ಭಾರ ಎರಡೂವರೆ ಪಟ್ಟಾಗುತ್ತದೆ, ಅದನ್ನು ಹೊರುವ ಕಾಲಿನ ಅಡ್ಡಕೊಯ್ತದ ವಿಸ್ತೀರ್ಣ 1.84 ಪಟ್ಟು ಮಾತ್ರ ಆಗುತ್ತದೆ. ಆದ್ದರಿಂದ ಕಾಲಿನ ಪ್ರತಿ ಚದರ ಅಂಗುಲದ ಮೇಲೆ ಬೀಳುವ ಒತ್ತಡ 1.36 ಪಟ್ಟು ಏರುತ್ತದೆ. ಆಕೃತಿಗಳನ್ನು ಹಿಗ್ಗಿಸಿದಾಗ ಬಲವು ಭಾರದಷ್ಟು ವೇಗವಾಗಿ ಬೆಳೆಯದೆಂಬ ಈ ಮಾತನ್ನು ಗೆಲಿಲಿಯೊ 1638ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ ವಿವರಿಸಿದ್ದಾನೆ. ಬೆಳಗೊಳದ ಮೂರ್ತಿಗೆ ತೊಡೆಯಿಂದ ಮೇಲಕ್ಕೆ ಹಿಂಬದಿಯ ಆಧಾರವಿಲ್ಲ. ಅಷ್ಟು ಎತ್ತರದಲ್ಲಿ ಅದು ಎಂತಹ ಸಾಹಸವೆಂಬುದನ್ನು ವಿದ್ಯಾರ್ಥಿಗಳು ಈ 1.36ರಿಂದ ಅಂದಾಜು ಮಾಡಬಲ್ಲರು, ಬೇಕಾದರೆ ಸುಮಾರು 35 ಅಡಿಯ ವೇಣೂರಿನ ಮೂರ್ತಿಯನ್ನೂ ಸೇರಿಸಿಕೊಂಡು ಅದೇ ಲೆಕ್ಕವನ್ನು ಮುಂದುವರಿಸಬಹುದು.